ಹೂವಿನ ಹೆಸರು ಕೇಳುತ್ತಾ ನಡೆದ ಬುಕಾನನ್

ಮಳೆ ಬಿದ್ದ ಮೇಲೆ ಬಿಳಿಕೆರೆ, ಹುಣಸೂರು ಕಡೆಯ ಹೊಲಗಳ ಬದುವಿನಲ್ಲಿ ತುಂಬೆ ಬಿಳಿಯಾಗಿ ಅರಳುತ್ತದೆ. ಬೇಲಿಯಲ್ಲಿ ಗೌರಿ ಹೂ ಕೆಂಪಗೆ ತಲೆ ಎತ್ತುತ್ತದೆ. ಒಣ ನೆಲದಲ್ಲಿ ತಂಗಡಿ ಹಳದಿಯಾಗಿ ನಿಂತಿರುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ನಾವು ಮೊಬೈಲ್‌ನಲ್ಲಿ ಫೋಟೊ ತೆಗೆದು ಹುಡುಕುತ್ತೇವೆ. ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಸೀಮೆಗೆ ಬಂದ ಒಬ್ಬ ವೈದ್ಯ ಕಾಗದ, ಮಸಿ ಹಿಡಿದುಕೊಂಡು ಗಿಡಮರಗಳ ಹೆಸರನ್ನು ಇಲ್ಲಿನ ಜನರನ್ನೇ ಕೇಳಿ ಬರೆದುಕೊಂಡಿದ್ದ. ಆತನೇ ಫ್ರಾನ್ಸಿಸ್ ಬುಕಾನನ್.

1762ರಲ್ಲಿ ಸ್ಕಾಟ್‌ಲೆಂಡ್‌ನಲ್ಲಿ ಹುಟ್ಟಿದ ಬುಕಾನನ್, 1783ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಕೀಯ ಪದವಿ ಪಡೆದ. ಅಲ್ಲಿ ಜಾನ್ ಹೋಪ್ ಎಂಬ ಗುರುವಿನ ಪಾಠದಿಂದ ಸಸ್ಯಗಳ ಹುಚ್ಚು ಹಿಡಿಯಿತು. ಹೋಪ್ ಕಲಿಸುತ್ತಿದ್ದುದು ಲಿನೇಯಸ್‌ನ ವಿಧಾನ. ಹೂವನ್ನು ಬಿಡಿಸಿ ಕೇಸರಗಳನ್ನು, ಶಲಾಕೆಗಳನ್ನು ಎಣಿಸಿ ಗುಂಪು ಮಾಡುವುದು. ಇದನ್ನು ನಾವೂ ಮಾಡಿ ನೋಡಬಹುದು. ಗೌರಿ ಹೂವಿನಲ್ಲಿ 6 ಕೇಸರ, ತಂಗಡಿಯಲ್ಲಿ 10, ತುಂಬೆಯಲ್ಲಿ 4.

ಪದವಿ ಕೈಯಲ್ಲಿದ್ದರೂ ನೆಲೆಯಾದ ಕೆಲಸ ಬೇಗ ಸಿಗಲಿಲ್ಲ. ಹಡಗಿನ ವೈದ್ಯನಾಗಿ ಸಮುದ್ರ ಸುತ್ತಿ, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಗೆ ಸೇರಿದ್ದು 1794ರಲ್ಲಿ. ಆಗ ವಯಸ್ಸು 32.

ಆತನ ಪಾಠದ ಟಿಪ್ಪಣಿಗಳ ಕಥೆ ಇನ್ನೂ ಸ್ವಾರಸ್ಯಕರ. 1785ರ ಒಂದು ಪ್ರಯಾಣದಲ್ಲಿ ಬುಕಾನನ್ ಅವುಗಳನ್ನು ಸಹಪ್ರಯಾಣಿಕನೊಬ್ಬನಿಗೆ ಓದಲು ಕೊಟ್ಟಿದ್ದ. ಆತ ಸತ್ಯಮಂಗಲದಲ್ಲಿ ಕಳೆದುಕೊಂಡ. ಅವು ಟಿಪ್ಪು ಸುಲ್ತಾನನ ಕೈ ಸೇರಿದವು. ಟಿಪ್ಪು ಅವಕ್ಕೆ ಹೊಸ ರಟ್ಟು ಕಟ್ಟಿಸಿ ತನ್ನ ಗ್ರಂಥಾಲಯದಲ್ಲಿ ಇಟ್ಟುಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, 1800ರಲ್ಲಿ ಸೇನಾಧಿಕಾರಿಯೊಬ್ಬ ಅವನ್ನು ಗುರುತಿಸಿ ಬುಕಾನನ್‌ಗೆ ಮರಳಿಸಿದ.

ಅದೇ ವರ್ಷ ಏಪ್ರಿಲ್ 23ರಂದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಬುಕಾನನ್ ಮದ್ರಾಸಿನಿಂದ ಮೈಸೂರು ಸೀಮೆಗೆ ಹೊರಟ. ಬೆಳೆ, ಕಸುಬು, ವ್ಯಾಪಾರ ಎಲ್ಲವನ್ನೂ ಬರೆದುಕೊಂಡು ಬರಬೇಕಿತ್ತು. ಗೆದ್ದ ನಾಡಿನಲ್ಲಿ ಏನಿದೆ ಎಂದು ಕಂಪನಿಗೆ ತಿಳಿಯಬೇಕಿತ್ತು, ಅಷ್ಟೇ. ಆದರೆ ಬುಕಾನನ್‌ನ ಕಣ್ಣು ಗಿಡಮರಗಳನ್ನು ಬಿಡಲಿಲ್ಲ. ಯುದ್ಧಗಳಿಂದ ಹಾಳುಬಿದ್ದಿದ್ದ ಪಿರಿಯಾಪಟ್ಟಣಕ್ಕೂ, ಹೆಗ್ಗಡದೇವನಕೋಟೆಯ ಕಾಡಂಚಿಗೂ ಬಂದ. ಕಾಡಿನ ಮರಗಳನ್ನು ಪಟ್ಟಿ ಮಾಡುವಾಗ ಇಲ್ಲಿನವರು ಹೇಳಿದ ಹೆಸರನ್ನು ಕಿವಿಗೆ ಬಿದ್ದಂತೆ ಬರೆದು, ಜೊತೆಗೆ ಶಾಸ್ತ್ರೀಯ ಹೆಸರನ್ನೂ ಸೇರಿಸಿದ. 1807ರಲ್ಲಿ ಈ ಪ್ರವಾಸದ ಬರಹ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಮುಂದೆ ನೇಪಾಳ ಸುತ್ತಿದ. 1807ರಿಂದ 1814ರವರೆಗೆ ಬಂಗಾಳದ ಸಮೀಕ್ಷೆ ಮಾಡಿದ. 1814ರಲ್ಲಿ ಕಲ್ಕತ್ತದ ಸಸ್ಯೋದ್ಯಾನದ ಮುಖ್ಯಸ್ಥನಾದ. ಸಸ್ಯಪ್ರಿಯನಿಗೆ ಇದಕ್ಕಿಂತ ದೊಡ್ಡ ಹುದ್ದೆ ಇರಲಿಲ್ಲ. ಆದರೆ ಆರೋಗ್ಯ ಕೆಟ್ಟು ಮರುವರ್ಷವೇ ಊರಿಗೆ ಮರಳಬೇಕಾಯಿತು. ಹೊರಡುವಾಗ ಸಸ್ಯಗಳ ಚಿತ್ರಗಳನ್ನು ಒಯ್ಯಲು ಗವರ್ನರ್ ಜನರಲ್ ಬಿಡಲಿಲ್ಲ. ಬುಕಾನನ್ ಕೈಕಟ್ಟಿ ಕೂರಲಿಲ್ಲ. 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಪುಸ್ತಕ ತಂದ. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು ಮೀನುಗಳಿಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು ಅದರಲ್ಲಿಯೇ. ತಾಯಿಯ ಕಡೆಯ ಆಸ್ತಿ ಬಂದಾಗ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಇಟ್ಟುಕೊಂಡಿದ್ದ. ಹಾಗಾಗಿ ಪಲಾವ್ ಎಲೆಯ ಶಾಸ್ತ್ರೀಯ ಹೆಸರಿನ ಪಕ್ಕದಲ್ಲಿ ಇಂದಿಗೂ 'ಬುಕ್-ಹ್ಯಾಮ್' ಎಂಬ ಗುರುತು ಇರುತ್ತದೆ. ಬುಕಾನನ್ ತೀರಿಕೊಂಡದ್ದು 1829ರಲ್ಲಿ.

ಬುಕಾನನ್ ಬಂದಾಗ ಲಂಟಾನ ನಮ್ಮ ಕಾಡುಗಳನ್ನು ಆವರಿಸಿರಲಿಲ್ಲ. ಇಂದು ನಾಗರಹೊಳೆಯ ಅಂಚಿನಲ್ಲಿ ಅದರ ಪೊದೆಯ ಕೆಳಗೆ ಎಷ್ಟೋ ಗಿಡಗಳಿಗೆ ಬಿಸಿಲೇ ಬೀಳುವುದಿಲ್ಲ. ಗಿಡದ ಜೊತೆ ಅದರ ಹೆಸರೂ ಮರೆಯಾಗುತ್ತದೆ. ಮೊಬೈಲ್ ಆ್ಯಪ್ ಲ್ಯಾಟಿನ್ ಹೆಸರು ಕೊಡಬಹುದು. ಅದನ್ನು ಇಲ್ಲಿ ಏನೆಂದು ಕರೆಯುತ್ತಿದ್ದರು, ಯಾವ ಮಳೆಗೆ ಅರಳುತ್ತಿತ್ತು, ಯಾವ ನೋವಿಗೆ ಅರೆದು ಹಚ್ಚುತ್ತಿದ್ದರು ಎಂಬುದು ಹಾಡಿಯ ಹಿರಿಯರಿಗೆ, ನಮ್ಮ ಮನೆಯ ಅಜ್ಜಿಯರಿಗೆ ಗೊತ್ತು. ಪರೀಕ್ಷೆಗೆ ಓದುತ್ತಾ, ಕೆಲಸಕ್ಕೆ ಕಾಯುತ್ತಾ ಊರಲ್ಲಿರುವ ನಮಗೆ ಒಂದು ನೋಟ್‌ಬುಕ್ ದುಬಾರಿಯಲ್ಲ. ಹೂವನ್ನು ಕೀಳದೆ ಅದು ಇರುವಲ್ಲಿಗೇ ಹೋಗಿ ನೋಡೋಣ. ನೆಲ, ತಿಂಗಳು, ಕೇಸರಗಳ ಲೆಕ್ಕ ಬರೆದುಕೊಳ್ಳೋಣ. ಊರ ಹೆಸರನ್ನು ಹಿರಿಯರಿಂದ ಕೇಳಿ ಮೊದಲ ಸಾಲಿನಲ್ಲಿ ಬರೆಯೋಣ. ಕಂಪನಿಗಾಗಿ ಬುಕಾನನ್ ಮಾಡಿದ ಈ ಕೆಲಸವನ್ನು ನಾವು ನಮ್ಮೂರಿಗಾಗಿ ಮಾಡಬಹುದು.