ದುಡಿಯುವವರ ಬಿಡುವಿಗಾಗಿ ದುಡಿದ ಲೆಯೋ ಲಗ್ರಾಂಜ್

ದುಡಿಮೆಯ ಮಹತ್ವವನ್ನು ಕುರಿತು ನಾವು ಬಹಳಷ್ಟು ಕೇಳಿದ್ದೇವೆ. ಬಿಡುವಿನ ಮಹತ್ವವನ್ನು ಕುರಿತು ಕೇಳಿರುವುದು ಕಡಿಮೆ. ಮನುಷ್ಯನು ದುಡಿಯುವುದೇ ವಿರಾಮವನ್ನು ಪಡೆಯುವುದಕ್ಕಾಗಿ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಬಗೆದಿದ್ದನು. ಸ್ಕೂಲ್ ಎಂಬ ಪದವು ಹುಟ್ಟಿರುವುದು ವಿರಾಮವೆಂಬ ಅರ್ಥದ ಗ್ರೀಕ್ ಪದದಿಂದಲೇ. ಆದರೆ ಅರಿಸ್ಟಾಟಲನ ಕಾಲದಲ್ಲಿ ಆ ವಿರಾಮವು ಆಳುಕಾಳುಗಳನ್ನು ಇಟ್ಟುಕೊಂಡಿದ್ದವರ ಸೊತ್ತಾಗಿತ್ತು. ಅದು ಕಾರ್ಖಾನೆಯ ಕಾರ್ಮಿಕನಿಗೂ ಸಲ್ಲಬೇಕೆಂದು ಸರಕಾರದ ಖಾತೆಯೊಂದನ್ನು ಹೊತ್ತು ಶ್ರಮಿಸಿದವರು ಫ್ರಾನ್ಸ್ ದೇಶದ ಲೆಯೋ ಲಗ್ರಾಂಜ್. ಅವರ ಅಲ್ಪಾಯುಷ್ಯದ ಬದುಕನ್ನು ಇಲ್ಲಿ ಸ್ಮರಿಸೋಣ.

ಲಗ್ರಾಂಜ್ ಅವರು 1900ರ ನವೆಂಬರ್ 28ರಂದು ನೈಋತ್ಯ ಫ್ರಾನ್ಸಿನ ಜಿರೋಂದ್ ಪ್ರಾಂತದಲ್ಲಿ ಜನಿಸಿದರು. ಬಾಲ್ಯದಲ್ಲಿ ಸ್ಕೌಟ್ ದಳದ ಶಿಸ್ತನ್ನೂ ಬಯಲಿನ ಬದುಕನ್ನೂ ಕಂಡವರು. ಪ್ರಥಮ ಮಹಾಯುದ್ಧದ ಕೊನೆಯ ಹಂತದಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಸ್ವಇಚ್ಛೆಯಿಂದ ಸೈನ್ಯ ಸೇರಿದರು. ಮರಳಿ ಬಂದು ಪ್ಯಾರಿಸ್ಸಿನಲ್ಲಿ ಕಾನೂನು ಓದಿ ವಕೀಲರಾದರು. ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ 1932ರಲ್ಲಿ ಉತ್ತರ ಫ್ರಾನ್ಸಿನ ಆವೇನ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು.

1936ರ ಬೇಸಿಗೆಯು ಫ್ರಾನ್ಸಿನ ಇತಿಹಾಸದಲ್ಲಿ ಮರೆಯಲಾಗದ ಕಾಲ. ಚುನಾವಣೆಯಲ್ಲಿ ಜನತಾ ರಂಗವು ಗೆದ್ದಿತು. ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದರು. ಜೂನ್ 4ರಂದು ಲೆಯೋಂ ಬ್ಲಮ್ ಅವರು ಪ್ರಧಾನಿಯಾದರು. ಅದೇ ತಿಂಗಳಿನಲ್ಲಿ ಎಲ್ಲ ಕಾರ್ಮಿಕರಿಗೂ ವರ್ಷಕ್ಕೆ ಎರಡು ವಾರಗಳ ವೇತನಸಹಿತ ರಜೆಯನ್ನೂ ವಾರಕ್ಕೆ 40 ಗಂಟೆಗಳ ದುಡಿಮೆಯನ್ನೂ ನಿಗದಿಪಡಿಸುವ ಕಾನೂನುಗಳು ಅಂಗೀಕಾರವಾದವು. ಈ ಸರಕಾರದಲ್ಲಿ ಕ್ರೀಡೆ ಮತ್ತು ವಿರಾಮ ವ್ಯವಸ್ಥೆಗೆಂದೇ ಉಪಸಚಿವರ ಹುದ್ದೆಯೊಂದನ್ನು ಹೊಸದಾಗಿ ಸೃಷ್ಟಿಸಿ, 35 ವರ್ಷದ ಲಗ್ರಾಂಜರಿಗೆ ಒಪ್ಪಿಸಲಾಯಿತು. ವಿರೋಧಿಗಳು ಅವರನ್ನು ಸೋಮಾರಿತನದ ಸಚಿವರೆಂದು ಹಂಗಿಸಿದರು. ಬಡವನ ಬಿಡುವು ಸೋಮಾರಿತನವೆಂದೂ ಸಿರಿವಂತನ ಬಿಡುವು ಸಂಸ್ಕೃತಿಯೆಂದೂ ಕಾಣುವ ದೃಷ್ಟಿ ಆ ದೇಶಕ್ಕೆ ಮಾತ್ರ ಸೀಮಿತವಲ್ಲವಷ್ಟೆ.

ಆದರೆ ಈ ಹುದ್ದೆಯಲ್ಲಿ ಹಂಗಿಸುವಿಕೆಗಿಂತ ದೊಡ್ಡ ಅಪಾಯವೊಂದಿತ್ತು. ಇಟಲಿಯಲ್ಲಿ ಮುಸೊಲಿನಿಯೂ ಜರ್ಮನಿಯಲ್ಲಿ ಹಿಟ್ಲರನೂ ಆ ವೇಳೆಗೆ ಜನರ ಬಿಡುವನ್ನು ತಮ್ಮ ಪಕ್ಷಗಳ ವಶಕ್ಕೆ ತೆಗೆದುಕೊಂಡಿದ್ದರು. ಅಲ್ಲಿ ಆಟ, ಪ್ರವಾಸ, ನಾಟಕ, ಸಂಗೀತಗಳೆಲ್ಲ ಸರ್ವಾಧಿಕಾರಿಯ ಸೇವೆಗೆ ನಿಂತಿದ್ದವು. ಸರಕಾರವು ಜನರ ವಿರಾಮಕ್ಕೆ ನೆರವಾಗಬೇಕು, ಆದರೆ ಅದರ ಯಜಮಾನನಾಗಬಾರದು ಎಂಬುದೇ ಲಗ್ರಾಂಜರ ನಿಲುವಾಗಿತ್ತು. ಬಾಗಿಲು ತೆರೆದಿಡುವುದು ಸರಕಾರದ ಕೆಲಸ. ಒಳಗೆ ಹೋಗುವುದೂ ಬಿಡುವುದೂ ಪ್ರಜೆಯ ಆಯ್ಕೆ. ಅವರ ಕಾರ್ಯಗಳನ್ನೆಲ್ಲ ಈ ತತ್ತ್ವದ ಬೆಳಕಿನಲ್ಲಿಯೇ ನೋಡಬೇಕು.

ರಜೆ ದೊರೆತರೂ ಪ್ರಯಾಣಕ್ಕೆ ಹಣವಿಲ್ಲದವನು ಮನೆಯಲ್ಲಿಯೇ ಉಳಿಯಬೇಕಾಗುತ್ತದೆ. ಆಗ ಫ್ರಾನ್ಸಿನ ರೈಲುಗಳು ಬಹುಪಾಲು ಖಾಸಗಿ ಕಂಪೆನಿಗಳ ಕೈಯಲ್ಲಿದ್ದವು. ಲಗ್ರಾಂಜರು ಅವುಗಳೊಡನೆ ಮಾತುಕತೆ ನಡೆಸಿ, ವಾರ್ಷಿಕ ರಜೆಯ ಪ್ರಯಾಣಕ್ಕೆ ಶೇಕಡಾ 40ರಷ್ಟು ರಿಯಾಯಿತಿಯ ಟಿಕೆಟನ್ನು ಅದೇ ಆಗಸ್ಟ್ ತಿಂಗಳಲ್ಲಿ ಜಾರಿಗೆ ತಂದರು. ಮೊದಲ ವರ್ಷದಲ್ಲಿಯೇ ಸುಮಾರು 6 ಲಕ್ಷ ಜನರು ಅದರ ಪ್ರಯೋಜನ ಪಡೆದರು. ಅವರಲ್ಲಿ ಅನೇಕರು ಸಮುದ್ರವನ್ನು ಕಂಡದ್ದು ಅದೇ ಮೊದಲು. ಆ ಟಿಕೆಟು ಜನರ ಬಾಯಲ್ಲಿ ಲಗ್ರಾಂಜರ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಅಗ್ಗದ ವಸತಿಗಾಗಿ ಅವರು ಯೂತ್ ಹಾಸ್ಟೆಲುಗಳಿಗೆ ಬೆಂಬಲ ನೀಡಿದರು. ಫ್ರಾನ್ಸಿನಲ್ಲಿ ಇಂತಹ ಮೊದಲ ಹಾಸ್ಟೆಲನ್ನು 1929ರಲ್ಲಿ ತೆರೆದವರು ಕಥೊಲಿಕ ಚಿಂತಕ ಮಾರ್ಕ್ ಸಾಂಗ್ನಿಯೇ ಎಂಬುದು ನಾವು ನೆನಪಿಡತಕ್ಕ ಸಂಗತಿ. ಸಮಾಜವಾದಿಯೂ ಕಥೊಲಿಕನೂ ಬೇರೆ ಬೇರೆ ದಾರಿಗಳಿಂದ ಬಂದು, ಬಡ ಯುವಕನ ಪ್ರಯಾಣದ ಚೀಲವನ್ನು ಇಳಿಸಿಕೊಳ್ಳುವ ಒಂದೇ ಜಗಲಿಯನ್ನು ತಲುಪಿದ್ದರು.

ಕ್ರೀಡೆಯ ವಿಷಯದಲ್ಲಿಯೂ ಅವರ ದೃಷ್ಟಿ ಸ್ಪಷ್ಟವಾಗಿತ್ತು. ಕೆಲವರು ಆಡುವುದನ್ನು ಸಾವಿರಾರು ಜನರು ಕುಳಿತು ನೋಡುವುದಕ್ಕಿಂತ, ಸಾವಿರಾರು ಜನರು ತಾವೇ ಆಡುವುದು ಅವರಿಗೆ ಮುಖ್ಯವಾಗಿತ್ತು. ಆದುದರಿಂದ ಊರೂರಿನ ಆಟದ ಮೈದಾನಗಳಿಗೂ ಈಜುಕೊಳಗಳಿಗೂ ಪ್ರೋತ್ಸಾಹ ನೀಡಿದರು. 1937ರಲ್ಲಿ ಜನಸಾಮಾನ್ಯರ ಕ್ರೀಡಾ ಪ್ರಮಾಣಪತ್ರವೊಂದನ್ನು ಆರಂಭಿಸಿದರು. ಓಟ, ಜಿಗಿತ, ಎಸೆತ ಮುಂತಾದ ಪರೀಕ್ಷೆಗಳನ್ನು ವಯಸ್ಸಿಗೆ ತಕ್ಕಂತೆ ಹುಡುಗರಿಗೂ ಹುಡುಗಿಯರಿಗೂ ಏರ್ಪಡಿಸಲಾಗಿತ್ತು. ಇತರರನ್ನು ಸೋಲಿಸುವುದು ಅದರ ಗುರಿಯಲ್ಲ. ತನ್ನ ದೇಹದ ಶಕ್ತಿಯನ್ನು ತಾನು ಅರಿಯುವುದೇ ಗುರಿ.

ಆದರೆ ಅಧಿಕಾರದಲ್ಲಿರುವವನಿಗೆ ತತ್ತ್ವವನ್ನು ಸಂಪೂರ್ಣವಾಗಿ ಕಾಪಾಡಿಕೊಳ್ಳುವುದು ಸುಲಭವಲ್ಲ. 1936ರ ಒಲಿಂಪಿಕ್ಸ್ ಹಿಟ್ಲರನ ಬರ್ಲಿನ್ ನಗರದಲ್ಲಿ ನಡೆಯಬೇಕಾಗಿತ್ತು. ಅದನ್ನು ಪ್ರತಿಭಟಿಸಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜನತಾ ಒಲಿಂಪಿಕ್ಸ್ ಏರ್ಪಾಡಾಗಿತ್ತು. ಬ್ಲಮ್ ಸರಕಾರವು ಬರ್ಲಿನ್ನಿಗೆ ಹೋಗುವವರಿಗೂ ಬಾರ್ಸಿಲೋನಾಕ್ಕೆ ಹೋಗುವವರಿಗೂ ಹಣ ನೀಡಿತು. ಸಂಸತ್ತಿನಲ್ಲಿ ಬರ್ಲಿನ್ನಿನ ಅನುದಾನದ ವಿರುದ್ಧ ಮತ ಹಾಕಿದವರು ಪಿಯೇರ್ ಮಾಂದೆಸ್ ಫ್ರಾನ್ಸ್ ಒಬ್ಬರೇ. ಜುಲೈಯಲ್ಲಿ ಸ್ಪೇನಿನ ಅಂತರ್ಯುದ್ಧ ಭುಗಿಲೆದ್ದು ಬಾರ್ಸಿಲೋನಾದ ಕೂಟ ರದ್ದಾಯಿತು. ಬರ್ಲಿನ್ನಿನ ಕೂಟ ಮಾತ್ರ ಹಿಟ್ಲರನ ವೈಭವವನ್ನು ಮೆರೆಸುತ್ತ ನಡೆಯಿತು. ವಿರಾಮವು ಸರ್ವಾಧಿಕಾರಿಯ ಸಾಧನವಾಗಬಾರದೆಂದು ಬಗೆದ ಸಚಿವರು, ಅದನ್ನು ಸಾಧನ ಮಾಡಿಕೊಂಡವನ ಅಂಗಳಕ್ಕೆ ತಮ್ಮ ದೇಶದ ಕ್ರೀಡಾಪಟುಗಳನ್ನು ಕಳುಹಿಸಿದ ಸರಕಾರದ ಭಾಗವಾಗಿದ್ದರು. ಅವರ ಚರಿತ್ರೆಯಲ್ಲಿ ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಬ್ಲಮ್ ಅವರು 1937ರ ಜೂನಿನಲ್ಲಿ ಅಧಿಕಾರ ಬಿಟ್ಟ ಬಳಿಕವೂ ಲಗ್ರಾಂಜರು ಶಿಕ್ಷಣ ಸಚಿವ ಜಾನ್ ಝೇ ಅವರ ಅಧೀನದಲ್ಲಿ ಅದೇ ಕಾರ್ಯವನ್ನು ಮುಂದುವರಿಸಿದರು. 1938ರಲ್ಲಿ ಅವರ ಸಚಿವಗಿರಿ ಮುಗಿಯಿತು. ಮರುವರ್ಷ ದ್ವಿತೀಯ ಮಹಾಯುದ್ಧ ಆರಂಭವಾದಾಗ, ಸಂಸತ್ಸದಸ್ಯರಾಗಿ ರಾಜಧಾನಿಯಲ್ಲಿಯೇ ಉಳಿಯಲು ಅವರಿಗೆ ಅವಕಾಶವಿತ್ತು. ಅದನ್ನು ಬಳಸಿಕೊಳ್ಳದೆ ಫಿರಂಗಿ ದಳದ ಕಿರಿಯ ಅಧಿಕಾರಿಯಾಗಿ ರಣರಂಗಕ್ಕೆ ತೆರಳಿದರು. 1940ರ ಜೂನ್ 9ರಂದು ಎವೆರ್‍ನಿಕೂರ್ ಎಂಬ ಹಳ್ಳಿಯ ಬಳಿ ಶತ್ರುಗಳ ಗುಂಡಿನ ದಾಳಿಯಲ್ಲಿ ಮಡಿದರು. ಆಗ ಅವರಿಗೆ 39 ವರ್ಷ. ಸೋಮಾರಿಗಳ ಸಚಿವನೆಂಬ ಹಂಗಿಗೆ ಅವರು ಬದುಕಿನಿಂದಲೂ ಮರಣದಿಂದಲೂ ಉತ್ತರ ಕೊಟ್ಟಿದ್ದರು. ಯುದ್ಧಾನಂತರ, ಮುಂದೆ ಫ್ರಾನ್ಸಿನ ಪ್ರಧಾನಿಯಾದ ಪಿಯೇರ್ ಮೊರ್ವಾ ಅವರು ಲಗ್ರಾಂಜರ ಹೆಸರಿನಲ್ಲಿ ಯುವಜನರ ಸಂಘಟನೆಯೊಂದನ್ನು ಕಟ್ಟಿದರು. ಅಲ್ಲಿನ ಅನೇಕ ಕ್ರೀಡಾಂಗಣಗಳೂ ಬೀದಿಗಳೂ ಅವರ ಹೆಸರನ್ನು ಹೊತ್ತಿವೆ.

ಬೇಸಿಗೆಯ ರಜೆ ಬಂದೊಡನೆ ನಾವು ಮಕ್ಕಳೊಂದಿಗೆ ಎಲ್ಲಿಗೆ ಹೋಗಬೇಕೆಂದು ಯೋಜಿಸುತ್ತೇವೆ. ಅದು ತಪ್ಪಲ್ಲ. ಆದರೆ ನಮ್ಮ ಮನೆಗೆಲಸದ ಹೆಂಗಸಿಗೆ, ತೋಟದ ಆಳಿಗೆ, ಅಂಗಡಿಯ ಹುಡುಗನಿಗೆ ಸಂಬಳ ಕಡಿಯದೆ ಕೆಲವು ದಿನಗಳ ರಜೆ ನೀಡಿದ್ದೇವೆಯೇ? ಆ ರಜೆಯಲ್ಲಿ ತಮ್ಮ ಮಕ್ಕಳೊಂದಿಗೆ ಎಲ್ಲಿಗಾದರೂ ಹೋಗಿ ಬರಲು ಅವರ ಕೈಯಲ್ಲಿ ಬಸ್ಸಿನ ಖರ್ಚಿಗೆ ಹಣವಿದೆಯೇ? ಇದಕ್ಕೆ ಸರಕಾರದ ಕಾನೂನನ್ನು ಕಾಯಬೇಕಾಗಿಲ್ಲ. ಈ ವರ್ಷದ ರಜೆಯ ಲೆಕ್ಕವನ್ನು ಬರೆಯುವಾಗ ಅವರ ಹೆಸರನ್ನೂ ಅದರಲ್ಲಿ ಸೇರಿಸೋಣ.