ಕೈಗಾ ಎದುರು ನಿಂತ ಕಡಲತೀರದ ಭಾರ್ಗವ

1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದ ಮತದಾರರ ಮುಂದೆ ನಿಂತ ಅಭ್ಯರ್ಥಿಗಳ ಪೈಕಿ ಒಬ್ಬರ ವಯಸ್ಸು ಎಂಬತ್ತೇಳು. ಪಕ್ಷವಿಲ್ಲ, ಅಧಿಕಾರದ ಹಂಬಲವೂ ಇಲ್ಲ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಂಡೆಯ ದಟ್ಟ ಕಾಡಿನ ನಡುವೆ ತಲೆ ಎತ್ತಲಿದ್ದ ಅಣು ವಿದ್ಯುತ್ ಸ್ಥಾವರ ಬೇಡವೆಂದು ಸಾರಲು ಚುನಾವಣೆಯನ್ನೇ ವೇದಿಕೆಯಾಗಿಸಿಕೊಂಡವರು ಡಾ. ಕೋಟ ಶಿವರಾಮ ಕಾರಂತರು.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಅವರು ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದರು. ಮುಂದೆ ಪುತ್ತೂರಿನ ಪರ್ಲಡ್ಕದಲ್ಲಿ ನೆಲೆ ನಿಂತು 'ಬಾಲವನ' ಕಟ್ಟಿದರು. ಬೆತ್ತ, ಬಾಯಿಪಾಠಗಳೇ ಶಿಕ್ಷಣವಾಗಿದ್ದ ಕಾಲದಲ್ಲಿ ಅಲ್ಲಿ ಮಕ್ಕಳು ಆಡುತ್ತ, ಕುಣಿಯುತ್ತ, ನಾಟಕವಾಡುತ್ತ ಕಲಿತರು. ಶಾಲೆಗಳಲ್ಲಿ ವಿದ್ಯಾರ್ಥಿಗಳಿಗೆ ಕಾರಂತರು ನೃತ್ಯ, ನಾಟಕ ಕಲಿಸಿದರು. 1936ರಲ್ಲಿ ಅವರ ಬಾಳಸಂಗಾತಿಯಾದ ಲೀಲಾ ಅವರೂ ಅಂಥ ವಿದ್ಯಾರ್ಥಿನಿಯೇ. ಜಾತಿ ಮೀರಿದ ಆ ವಿವಾಹ ಅಂದಿನ ಸಮಾಜಕ್ಕೆ ಸುಲಭವಾಗಿ ಜೀರ್ಣವಾಗುವಂಥದ್ದಾಗಿರಲಿಲ್ಲ.

ಮಕ್ಕಳಿಗಾಗಿ 'ಬಾಲ ಪ್ರಪಂಚ', ಬಳಿಕ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದವರೂ ಇವರೇ. ಈ ಮಾತನ್ನು ಒತ್ತಿ ಹೇಳಬೇಕಿದೆ. ಏಕೆಂದರೆ ಕೈಗಾ ವಿರೋಧಿಗಳಿಗೆ ಪ್ರಗತಿಯ ವೈರಿಗಳೆಂಬ ಹಣೆಪಟ್ಟಿ ಸಲೀಸಾಗಿ ಅಂಟುತ್ತಿತ್ತು. ಕನ್ನಡದ ಮಕ್ಕಳಿಗೆ ವಿಜ್ಞಾನವನ್ನು ತಾಯ್ನುಡಿಯಲ್ಲಿ ಉಣಬಡಿಸಿದ ಕಾರಂತರಿಗೆ ಅದು ಎಷ್ಟರಮಟ್ಟಿಗೆ ಒಪ್ಪೀತು? 1986ರ ಚೆರ್ನೋಬಿಲ್ ದುರಂತದ ನಂತರ ವಿಕಿರಣದ ಭೀತಿ ಕೇವಲ ಕಲ್ಪನೆಯಾಗಿ ಉಳಿದಿರಲಿಲ್ಲ. ಆದರೆ ಎದುರು ಪಕ್ಷದ ವಾದವೂ ಪೊಳ್ಳಲ್ಲ. ತೆಲಿಗಿ, ಹರಪನಹಳ್ಳಿಯಂಥ ಬಯಲುಸೀಮೆಯ ಊರುಗಳ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಎಲ್ಲಿಂದಲಾದರೂ ಬರಲೇಬೇಕಿತ್ತು.

ಚುನಾವಣೆಯಲ್ಲಿ ಕಾರಂತರು ಸೋತರು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನೇ ಹಿಂದಿರುಗಿಸಿದ್ದ, 1977ರ ಜ್ಞಾನಪೀಠ ಪ್ರಶಸ್ತಿಗೆ ಭಾಜನರಾಗಿದ್ದ ಸಾಹಿತಿಯನ್ನು ಗೌರವಿಸಿದ ಜನ, ಮತವನ್ನು ಬೇರೆಯವರಿಗೆ ನೀಡಿದರು. ಕಾಮಗಾರಿ ಮುಂದುವರಿಯಿತು. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಒಳ ಗುಮ್ಮಟದ ಕಾಂಕ್ರೀಟು ಕುಸಿದು ಕಾರ್ಮಿಕರು ಗಾಯಗೊಂಡರು. ಇಂಧನ ತುಂಬುವ ಮುನ್ನವೇ ನಡೆದ ಅವಘಡವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಸುರಕ್ಷತೆಯ ಪ್ರಶ್ನೆ ಮಾತ್ರ ಮತ್ತೆ ಎದ್ದಿತು.

1997ರ ಡಿಸೆಂಬರ್ 9ರಂದು ಕಾರಂತರು ಮಣಿಪಾಲದಲ್ಲಿ ಕೊನೆಯುಸಿರೆಳೆದರು. ಕೈಗಾದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ. ಅನಂತರ ಇನ್ನೆರಡು ಸೇರಿ, ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಾದವು. 700 ಮೆಗಾವಾಟ್‌ನ ಮತ್ತೆರಡು ಘಟಕಗಳಿಗೆ ಕೇಂದ್ರ ಸಂಪುಟ 2017ರಲ್ಲಿ ಒಪ್ಪಿಗೆ ನೀಡಿತು.