ಡಾ. ಮುತ್ತುಲಕ್ಷ್ಮೀ ರೆಡ್ಡಿಯವರೂ ಅರ್ಬುದ ರೋಗಿಗಳ ಶುಶ್ರೂಷೆಯೂ

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಅರ್ಬುದ ರೋಗವನ್ನು, ಅಂದರೆ ಕ್ಯಾನ್ಸರನ್ನು, ಅದರ ಹೆಸರಿನಿಂದ ಕರೆಯಲು ಜನರು ಇಂದಿಗೂ ಹಿಂಜರಿಯುತ್ತಾರೆ. ಬಾಯಿಯ ಹುಣ್ಣೆಂದೋ, ಗಂಟೆಂದೋ, ಹೆಂಗಸರ ಬೇನೆಯೆಂದೋ ಹೇಳಿ ತಿಂಗಳುಗಟ್ಟಲೆ ಮುಚ್ಚಿಟ್ಟು, ನೋವು ಮಿತಿಮೀರಿದ ಬಳಿಕ ಹುಬ್ಬಳ್ಳಿಯ ನವನಗರಕ್ಕೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೊರಡುವವರೇ ಹೆಚ್ಚು. ಈ ರೋಗದ ಮುಂದೆ ಮನೆಮಂದಿಗೆ ಒದಗುವ ಅಸಹಾಯಕತೆಯನ್ನು ಸ್ವತಃ ವೈದ್ಯರಾಗಿದ್ದೂ ಅನುಭವಿಸಿದ ಮಹಿಳೆಯೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಮುತ್ತುಲಕ್ಷ್ಮಿಯವರು 1886ನೆಯ ಇಸವಿ ಜುಲೈ 30ರಂದು ಪುದುಕ್ಕೋಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿಯವರು ಅಲ್ಲಿಯ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಗಂಡುಹುಡುಗರೇ ಓದುತ್ತಿದ್ದ ಆ ಕಾಲೇಜನ್ನು ಸೇರಿ, ಅನೇಕರ ಆಕ್ಷೇಪವನ್ನು ಸಹಿಸಿ, 1912ರಲ್ಲಿ ಅವರು ಮದರಾಸಿನ ವೈದ್ಯಕೀಯ ಕಾಲೇಜಿನಿಂದ ಪದವೀಧರೆಯಾಗಿ ಹೊರಬಂದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ವಿವಾಹವಾದರು.

1920ರ ದಶಕದ ಆರಂಭದಲ್ಲಿ ಅವರ ತಂಗಿಗೆ ಬೇನೆ ತಗುಲಿತು. ಮೊದಲು ಅದನ್ನು ಆಮಶಂಕೆಯೆಂದು ತಿಳಿದು ಔಷಧ ಕೊಡಲಾಯಿತು. ಗುದದ ಅರ್ಬುದವೆಂದು ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಅಕ್ಕ ಹೆಸರಾಂತ ಡಾಕ್ಟರು, ಭಾವನೂ ಡಾಕ್ಟರು, ಊರು ಮದರಾಸಿನಂಥ ರಾಜಧಾನಿ. ಆದರೂ ಆ ತರುಣಿಯ ಯಾತನೆಯನ್ನು ತಡೆಯಲಾಗಲಿಲ್ಲ. ವೈದ್ಯರ ಮನೆಯ ಗತಿಯೇ ಹೀಗಾದರೆ, ರೋಗದ ಹೆಸರನ್ನೇ ಅರಿಯದ ಒಕ್ಕಲಿನವನ ಮನೆಯ ಪಾಡೇನು? ತಂಗಿಯ ಮರಣವು ಮುತ್ತುಲಕ್ಷ್ಮಿಯವರ ಮನಸ್ಸಿನಲ್ಲಿ ನಾಟಿಕೊಂಡಿತು. 1925ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವರು ಲಂಡನ್ನಿನ ಅರ್ಬುದ ಆಸ್ಪತ್ರೆಯ ಕಾರ್ಯವನ್ನು ಕಂಡು, ಅಂಥದೇ ಒಂದನ್ನು ಮದರಾಸಿನಲ್ಲಿ ಸ್ಥಾಪಿಸುವ ಸಂಕಲ್ಪದೊಡನೆ ಮರಳಿದರು.

ಆ ಸಂಕಲ್ಪ ಕೈಗೂಡಲು ಮೂರು ದಶಕಗಳೇ ಬೇಕಾದವು. ನಡುವೆ ದೇಶಕಾರ್ಯ ಅವರನ್ನು ಸೆಳೆಯಿತು. 1927ರಲ್ಲಿ ಮದರಾಸು ಶಾಸನಸಭೆಯ ಉಪಾಧ್ಯಕ್ಷೆಯಾದ ಅವರು ದೇವದಾಸಿ ಪದ್ಧತಿಯ ನಿಷೇಧಕ್ಕಾಗಿ ಹೋರಾಡಿದರು. 1930ರಲ್ಲಿ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಸ್ಥಾನವನ್ನು ತ್ಯಜಿಸಿದರು. ನಿಷೇಧದ ಕಾನೂನು ಪೂರ್ಣರೂಪದಲ್ಲಿ ಬಂದದ್ದು 1947ರಲ್ಲಿ. ಅದು ಹೊಳೆಯಾಚೆಯ ಹೊಸಪೇಟೆಗೆ ಅನ್ವಯಿಸಿತು. ಈಚೆ ದಂಡೆಯ ಹುಲಿಗಿ ಆಗ ನಿಜಾಮನ ರಾಜ್ಯದಲ್ಲಿದ್ದುದರಿಂದ ಇಲ್ಲಿಗೆ ಮುಟ್ಟಲಿಲ್ಲ. ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ. ಅಷ್ಟರೊಳಗೆ ದೇವರಿಗೆ ಬಿಡಲ್ಪಟ್ಟ ನಮ್ಮ ಸೀಮೆಯ ಹೆಂಗಸರು ಈಗ ಮುಪ್ಪಿನಲ್ಲಿದ್ದಾರೆ. ಅವರಲ್ಲೊಬ್ಬಳಿಗೆ ಗರ್ಭಕೊರಳಿನ ಅರ್ಬುದವಾದರೆ ಆಸ್ಪತ್ರೆಗೆ ಜತೆಗೆ ಹೋಗುವವರಾರು, ಹಾಸಿಗೆಯ ಬಳಿ ಕೂರುವವರಾರು ಎಂಬುದನ್ನು ಅಧಿಕಾರಿವರ್ಗದವರು ಯೋಚಿಸಿದಂತಿಲ್ಲ.

1935ರಲ್ಲಿ ವೈದ್ಯಕೀಯ ಕಾಲೇಜಿನ ಶತಮಾನೋತ್ಸವದಲ್ಲಿ ಮುತ್ತುಲಕ್ಷ್ಮಿಯವರು ಅರ್ಬುದ ಆಸ್ಪತ್ರೆಯ ವಿಚಾರವನ್ನು ಬಹಿರಂಗವಾಗಿ ಎತ್ತಿದರು. ಹೇಗಿದ್ದರೂ ಸಾಯುವ ರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆಯೇಕೆಂಬ ಭಾವನೆ ಆಳುವವರಲ್ಲಿ ದೃಢವಾಗಿತ್ತು. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆಯಿತಾದರೂ ದಕ್ಷಿಣದ ಬಡವನಿಗೆ ಅದು ದೂರವೇ. ಕೊನೆಗೆ 1949ರಲ್ಲಿ ಮಹಿಳಾ ಸಂಘದ ಮೂಲಕ ನಿಧಿಯೊಂದನ್ನು ಸ್ಥಾಪಿಸಿ, ವೃದ್ಧಾಪ್ಯದಲ್ಲಿ ವರ್ಗಣಿ ಎತ್ತಿದರು. 1952ರಲ್ಲಿ ನೆಹರೂರವರು ಅಡಿಗಲ್ಲನ್ನಿಟ್ಟರು. 1954ರ ಜೂನ್ 18ರಂದು ಅಡಯಾರಿನಲ್ಲಿ ಚಿಕ್ಕ ಕುಟೀರದೊಳಗೆ ಹನ್ನೆರಡು ಹಾಸಿಗೆಗಳ ದವಾಖಾನೆ ಆರಂಭವಾಯಿತು. ಪುತ್ರ ಡಾ. ಕೃಷ್ಣಮೂರ್ತಿಯವರು ಹೆಗಲು ಕೊಟ್ಟರು, 1955ರಲ್ಲಿ ಡಾ. ಶಾಂತಾ ಬಂದು ಸೇರಿದರು. ಹಣವಿಲ್ಲವೆಂದು ರೋಗಿಯನ್ನು ಹಿಂದಕ್ಕೆ ಕಳಿಸಬಾರದೆಂಬುದು ಅಲ್ಲಿಯ ಕಟ್ಟಳೆಯಾಯಿತು.

ಈ ಕಟ್ಟಳೆಯ ಬೆಲೆ ರೋಗಿಯ ಜತೆಗಿದ್ದವರಿಗೇ ಗೊತ್ತು. ಕಿರಣಚಿಕಿತ್ಸೆಯು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6–7 ವಾರ ನಡೆಯುವುದು. ಬಾಯಿಯ ಅರ್ಬುದವಾದರೆ ಒಳಗೆಲ್ಲ ಬೆಂದು ಗಂಜಿಯೂ ಗಂಟಲಿಳಿಯದು. ಮನೆಯವನೊಬ್ಬನು ದುಡಿಮೆ ಬಿಟ್ಟು ಪರವೂರಿನಲ್ಲಿ ನಿಲ್ಲಬೇಕು. ಹುಣ್ಣಿನ ವಾಸನೆಗೆ ಮುಖ ತಿರುಗಿಸದೆ ತೊಳೆಯಬೇಕು. ಗುಣವಾಗುವುದೇ ಎಂದು ರೋಗಿ ಕೇಳಿದಾಗ ನಿಜ ಹೇಳಲೂ ಆಗದೆ ಸುಳ್ಳಾಡಲೂ ಆಗದೆ ಕುಳಿತಿರಬೇಕು. ಕೊನೆಯ ನೋವಿಗೆ ಮಾರ್ಫಿನ್ ಇದ್ದರೂ, 1985ರ ಮಾದಕದ್ರವ್ಯ ಕಾನೂನಿನ ಬಿಗಿಯಿಂದ ಅದು ದುರ್ಲಭವಾಯಿತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿದೆ. ಆದರೆ ಕಾಗದದ ಮೇಲಿನ ಸಡಿಲಿಕೆ ಹಳ್ಳಿಯ ಹಾಸಿಗೆಯವರೆಗೆ ತಲುಪುವುದು ಸುಲಭವಲ್ಲ.

1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ದೊರೆಯಿತು. 1968ರ ಜುಲೈ 22ರಂದು, ತಮ್ಮ 81ನೆಯ ವಯಸ್ಸಿನಲ್ಲಿ, ಅವರು ಕಾಲವಶರಾದರು. ಅವರ ಹನ್ನೆರಡು ಹಾಸಿಗೆಗಳು ಮುಂದೆ ನೂರಾರು ಆದವು, ಡಾ. ಶಾಂತಾ 2021ರಲ್ಲಿ ಕಣ್ಮುಚ್ಚುವವರೆಗೂ ಆ ಸಂಸ್ಥೆಯಲ್ಲಿಯೇ ಸೇವೆ ಸಲ್ಲಿಸಿದರು.